ವಾದ ಮಾಡುವುದೂ ಪಾಠವೇ

ತಿಕೋಟಾದ ಪ್ರೌಢಶಾಲೆಯೊಂದರಲ್ಲಿ ನನ್ನ ಬೋಧನಾಭ್ಯಾಸ. ಎಂಟನೆಯ ತರಗತಿ, ಘಟಕ ದಹನ. ಪೀಠಿಕೆಯಲ್ಲಿ ಜೋಸೆಫ್ ಪ್ರೀಸ್ಟ್ಲಿಯವರ ಪರಿಚಯ ಮಾಡಿದೆ. 1774ರಲ್ಲಿ ಪಾದರಸದ ಕೆಂಪು ಆಕ್ಸೈಡಿನ ಮೇಲೆ ಮಸೂರದಿಂದ ಬಿಸಿಲು ಬೀಳಿಸಿ ಆಮ್ಲಜನಕ ಪಡೆದರು, ಮುಂದೆ ಜನ ಅವರ ಮನೆ, ಪ್ರಯೋಗಾಲಯಗಳನ್ನೇ ನಾಶ ಮಾಡಿದರು ಎಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, “ಯಾಕ್ರಿ ಸರ್? ಅವ್ರೇನ್ ತಪ್ಪ ಮಾಡಿದ್ರು?” ಎಂದಳು. “ಅದು ಇತಿಹಾಸದ ವಿಷಯ, ಕೂಡವಾ” ಎಂದೆ. ವೀಕ್ಷಣಾ ಹಾಳೆಯಲ್ಲಿ ‘ವಿಷಯಾಂತರವಾಗದಂತೆ ನೋಡಿಕೊಂಡಿದ್ದಾರೆ’ ಎಂಬ ಮೆಚ್ಚುಗೆ ಬಂತು. ಆ ಮೆಚ್ಚುಗೆಗೆ ನಾನು ಅರ್ಹನಲ್ಲ ಎಂದು ಈಗ ಅನ್ನಿಸುತ್ತದೆ.

ಅವಳಿಗೆ ಹೇಳಬೇಕಿದ್ದ ಉತ್ತರ ಇದು. ಪ್ರೀಸ್ಟ್ಲಿ ವಿಜ್ಞಾನಿಯಷ್ಟೇ ಅಲ್ಲ, ಧರ್ಮಬೋಧಕರೂ ಆಗಿದ್ದರು. ಇಂಗ್ಲೆಂಡಿನ ಅಧಿಕೃತ ಆಂಗ್ಲಿಕನ್ ಚರ್ಚನ್ನು ಒಪ್ಪದ ಪ್ರೊಟೆಸ್ಟಂಟ್ ಭಿನ್ನಮತೀಯರಲ್ಲಿ ಒಬ್ಬರು. ಇಂಥವರಿಗೆ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಪದವಿ ಸಿಗುತ್ತಿರಲಿಲ್ಲ. ಸರ್ಕಾರಿ ಹುದ್ದೆಗೂ ಕಾನೂನಿನ ಅಡ್ಡಿಯಿತ್ತು. ಆದಿ ಕ್ರೈಸ್ತರ ನಂಬಿಕೆ ಏನಿತ್ತು, ನಂತರ ಸೇರಿದ್ದು ಯಾವುದು ಎಂದು ಪ್ರೀಸ್ಟ್ಲಿ 1782ರಲ್ಲಿ ಗ್ರಂಥ ಬರೆದರು. ಆಂಗ್ಲಿಕನ್ ಪಾದ್ರಿ ಸ್ಯಾಮ್ಯುಯೆಲ್ ಹಾರ್ಸ್ಲಿ ಅದನ್ನು ಖಂಡಿಸಿದರು. ಈ ಹಾರ್ಸ್ಲಿಯೂ ಸಾಮಾನ್ಯರಲ್ಲ, ನ್ಯೂಟನ್ನರ ಕೃತಿಗಳನ್ನು ಸಂಪಾದಿಸಿದವರು. ಉತ್ತರಕ್ಕೆ ಪ್ರತ್ಯುತ್ತರವಾಗಿ ಇಬ್ಬರ ಕಿರುಹೊತ್ತಿಗೆಗಳೂ ವರ್ಷಗಟ್ಟಲೆ ಬಂದವು. ತಮ್ಮ ವಿಚಾರಗಳು ಮೆಲ್ಲಗೆ ಸಂಗ್ರಹವಾಗುವ ಮದ್ದಿನ ಪುಡಿಯಂತೆ ಎಂಬರ್ಥದಲ್ಲಿ ಪ್ರೀಸ್ಟ್ಲಿ ಒಮ್ಮೆ ಬರೆದದ್ದನ್ನೇ ವಿರೋಧಿಗಳು ಹಿಡಿದುಕೊಂಡರು. ಹೋಲಿಕೆ ಆರೋಪವಾಯಿತು. 1791ರ ಜುಲೈಯಲ್ಲಿ ಬರ್ಮಿಂಗ್‌ಹ್ಯಾಮಿನ ಗುಂಪು ಭಿನ್ನಮತೀಯರ ಪ್ರಾರ್ಥನಾ ಮಂದಿರಗಳನ್ನೂ ಅವರ ಮನೆಯನ್ನೂ ನಾಶಮಾಡಿತು. 1794ರಲ್ಲಿ ಅವರು ದೇಶ ಬಿಟ್ಟು ಅಮೆರಿಕಕ್ಕೆ ಹೋದರು.

ನಮ್ಮ ಮಕ್ಕಳಿಗೆ ಇದು ದೂರದ ಕಥೆಯಲ್ಲ. 2017–18ರಲ್ಲಿ ನಾನು ಪಿಯುಸಿಯಲ್ಲಿದ್ದೆ. ಲಿಂಗಾಯತ ಸ್ವತಂತ್ರ ಧರ್ಮವೋ, ವೀರಶೈವ ಲಿಂಗಾಯತ ಎರಡೂ ಒಂದೆಯೋ ಎಂಬ ಚರ್ಚೆ ಜಿಲ್ಲೆಯ ತುಂಬ ನಡೆದಿತ್ತು. ಸ್ವತಂತ್ರ ಧರ್ಮದ ಹೋರಾಟದ ಮುಂಚೂಣಿಯಲ್ಲಿದ್ದ ಎಂ.ಬಿ. ಪಾಟೀಲರು ಬಬಲೇಶ್ವರ ಕ್ಷೇತ್ರದ ಶಾಸಕರು. ಅಪ್ಪ ಒಂದು ಪಕ್ಷದ ಕಿರುಹೊತ್ತಿಗೆ ತಂದರೆ, ಸೋದರಮಾವ ಇನ್ನೊಂದು ಪಕ್ಷದ್ದನ್ನು ತರುತ್ತಿದ್ದರು. ಇಬ್ಬರೂ ಎದುರಿನವರದನ್ನು ಓದಲಿಲ್ಲ. ಆ ವರ್ಷದ ದೀಪಾವಳಿಗೆ ಮಾವ ನಮ್ಮ ಮನೆಗೆ ಬರಲಿಲ್ಲ. ಇದೇ ಪ್ರಶ್ನೆಯ ಮೇಲೆ ನಮ್ಮ ಸಿಂದಗಿ ತಾಲ್ಲೂಕಿನ ಎಂ.ಎಂ. ಕಲಬುರ್ಗಿ ಹಾಗೂ ಎಂ. ಚಿದಾನಂದಮೂರ್ತಿಯವರು ವಿರುದ್ಧ ನಿಲುವು ತಳೆದಿದ್ದರು; ಇಬ್ಬರೂ ಶಾಸನ, ಹಸ್ತಪ್ರತಿಗಳಲ್ಲಿ ಬಾಳು ಸವೆಸಿದ ವಿದ್ವಾಂಸರು. ಎರಡೂ ಕಡೆಯವರು ಮುಂದಿಡುವುದು ವಚನಗಳನ್ನೇ. ಅವನ್ನು ಅಚ್ಚುಮಾಡಲೆಂದು ಫ.ಗು. ಹಳಕಟ್ಟಿಯವರು 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದದ್ದು ಇದೇ ವಿಜಯಪುರದಲ್ಲಿ. ಆಧಾರ ಒಂದೇ ಇದ್ದರೂ ತೀರ್ಮಾನ ಬೇರೆಯಾಗಬಹುದು, ಬೇರೆಯಾದ ಮೇಲೂ ಮಾತು ಮುಂದುವರಿಯಬಹುದು ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಕಲಿತಿರಲಿಲ್ಲ. ಶಾಲೆಯೂ ಕಲಿಸಿರಲಿಲ್ಲ.

ಹಾಗೆಂದು ವಿಜ್ಞಾನ ಶಿಕ್ಷಕ ತರಗತಿಯಲ್ಲಿ ಧರ್ಮದ ತೀರ್ಪು ಕೊಡಬೇಕೆಂದು ನಾನು ಹೇಳುತ್ತಿಲ್ಲ. ಕೊಡಬಾರದು. ನಲವತ್ತು ನಿಮಿಷದ ಅವಧಿಯಲ್ಲಿ ಪಠ್ಯ ಮುಗಿಸುವ ಒತ್ತಡವೂ ನಿಜವೇ. ಆದರೆ ವಾದದ ಶಿಸ್ತು ಕಲಿಸಲು ನಮ್ಮ ಪಠ್ಯದಲ್ಲೇ ಸಾಮಗ್ರಿಯಿದೆ. ವಸ್ತು ಉರಿಯುವಾಗ ಅದರಿಂದ ‘ಫ್ಲಾಜಿಸ್ಟನ್’ ಹೊರಹೋಗುತ್ತದೆ ಎಂದು ಪ್ರೀಸ್ಟ್ಲಿ ಕೊನೆಯವರೆಗೂ ನಂಬಿದ್ದರು. ಲವಾಸಿಯೆ ಅದನ್ನು ಅಲ್ಲಗಳೆದರು. ಬಬಲೇಶ್ವರದ ಶಾಲೆಯಲ್ಲಿ ಮುಂದಿನ ಪಾಠ ಮಾಡುವಾಗ ತರಗತಿಯನ್ನು ಎರಡು ಗುಂಪು ಮಾಡಿದೆ. ನಿಯಮ ಒಂದೇ: ಎದುರಿನವರ ವಾದವನ್ನು ಮೊದಲು ನೀವು ಹೇಳಬೇಕು, ಅವರು “ಹೌದು, ನಾವು ಹೇಳಿದ್ದು ಇದೇ” ಎಂದು ಒಪ್ಪಿದ ಮೇಲೆಯೇ ಉತ್ತರ ಕೊಡಬೇಕು. ಹನ್ನೆರಡು ನಿಮಿಷ ಹಿಡಿಯಿತು. ಫ್ಲಾಜಿಸ್ಟನ್ ಗುಂಪಿನ ಹುಡುಗನೇ, “ಏನೋ ಹೊರಗ ಹೋದ್ರ ತೂಕ ಕಡಿಮಿ ಆಗಬೇಕಲ್ರಿ? ಮೆಗ್ನೀಸಿಯಂ ಸುಟ್ಟ ಮ್ಯಾಲ ತೂಕ ಹೆಚ್ಚಾಗತೈತಿ ಅಂತ ಅವ್ರು ಹೇಳಾಕತ್ತಾರ” ಎಂದ. ಎದುರಿನವರ ಮಾತನ್ನು ಸರಿಯಾಗಿ ಕೇಳಿದ್ದರಿಂದಲೇ ತನ್ನ ಗುಂಪಿನ ತಪ್ಪು ಅವನಿಗೆ ಕಂಡಿತು. ನನ್ನ ಮೌಲ್ಯಮಾಪನದ ಪ್ರಶ್ನೆಗಳು ಮಾತ್ರ ಅಂದು ಅರ್ಧಕ್ಕೆ ಉಳಿದವು.

ಎಲ್ಲ ವಾದವೂ ತಕ್ಕಡಿಯಲ್ಲಿ ತೀರುವುದಿಲ್ಲ, ಧರ್ಮದ ವಾದವಂತೂ ತೀರುವುದಿಲ್ಲ. ಆದರೂ ಎದುರಿನವರ ಮಾತನ್ನು ತಿರುಚದೆ ಹೇಳುವ ಅಭ್ಯಾಸ ಅಲ್ಲಿಯೂ ಬೇಕು. ಆದ್ದರಿಂದ ನಮ್ಮ ಪಾಠಯೋಜನೆಯ ನಮೂನೆಯಲ್ಲಿ ‘ಭಿನ್ನಾಭಿಪ್ರಾಯ’ ಎಂಬ ಒಂದು ಸಾಲು ಸೇರಲಿ, ವೀಕ್ಷಣಾ ಹಾಳೆಯಲ್ಲಿ ಅದಕ್ಕೂ ಅಂಕ ಇರಲಿ ಎಂದು ನಮ್ಮ ಉಪನ್ಯಾಸಕರಲ್ಲಿ ನನ್ನ ವಿನಂತಿ. ತಿಕೋಟಾದ ಆ ಹುಡುಗಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಬೋಧನಾಭ್ಯಾಸ ಮುಗಿಯುವುದರೊಳಗೆ ಒಂದು ದಿನ ಆ ತರಗತಿಗೆ ಹೋಗಬೇಕು.