ಹೊಲಿಗೆ ಯಂತ್ರ ಕೊಟ್ಟು ಕೈತೊಳೆದುಕೊಳ್ಳುವ ನಾವು

ರಮಝಾನ್ ಬಂತೆಂದರೆ ನಮ್ಮ ಪಟ್ಟಣಗಳಲ್ಲಿ ಒಂದು ಕಾರ್ಯಕ್ರಮ ತಪ್ಪುವುದಿಲ್ಲ. ಶಾಮಿಯಾನದ ಕೆಳಗೆ ಹೊಲಿಗೆ ಯಂತ್ರಗಳನ್ನು ಸಾಲಾಗಿ ಜೋಡಿಸಲಾಗುತ್ತದೆ. ಒಂದೊಂದು ಯಂತ್ರದ ಪಕ್ಕದಲ್ಲಿ ಒಬ್ಬೊಬ್ಬ ವಿಧವೆಯೋ ವಿಚ್ಛೇದಿತೆಯೋ ತಲೆ ತಗ್ಗಿಸಿ ನಿಂತಿರುತ್ತಾಳೆ. ದಾನಿಗಳು ಯಂತ್ರದ ಮೇಲೆ ಕೈಯಿಟ್ಟು ಫೋಟೋಗೆ ಮುಖ ಕೊಡುತ್ತಾರೆ. ಮರುವಾರ ಆ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ನಾವೂ ಅಂತಹ ಚಿತ್ರಗಳನ್ನು ಮೆಚ್ಚುಗೆಯ ಮಾತುಗಳೊಂದಿಗೆ ಪ್ರಕಟಿಸಿದವರೇ. ಆದ್ದರಿಂದ ಮುಂದೆ ಹೇಳಲಿರುವ ಮಾತುಗಳಲ್ಲಿ ನಮ್ಮ ಪಾಲಿನದ್ದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ.

ಗಿರಿನಗರದ ಒಂದು ವಠಾರದಲ್ಲಿ ಬಾಡಿಗೆಗಿರುವ ಸೋದರಿಯೊಬ್ಬರು ಈ ಯಂತ್ರವನ್ನು ಬೇಡವೆಂದರು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ದರ್ಜೆ ಪಡೆದವರು. ಪಿಯುಸಿ ಅರ್ಧದಲ್ಲಿರುವಾಗ ಒಳ್ಳೆಯ ಸಂಬಂಧ ಬಂತೆಂದು ಹಿರಿಯರು ಓದು ಬಿಡಿಸಿದರು. ಹದಿನೆಂಟು ತುಂಬಿದೊಡನೆ ನಿಕಾಹ್ ಆಯಿತು. ಈಗ ತಲಾಕ್ ಆಗಿದೆ. ಇಬ್ಬರು ಎಳೆಯ ಮಕ್ಕಳ ಭಾರ ಅವರ ಮೇಲಿದೆ. ಮೈಸೂರು ರಸ್ತೆಯಾಚೆಗಿನ ಮೊಹಲ್ಲಾದಲ್ಲಿರುವ ತವರಿನ ಎರಡು ಕೋಣೆಗಳಲ್ಲಿ ಅಣ್ಣಂದಿರ ಸಂಸಾರಗಳಿಗೇ ಜಾಗವಿಲ್ಲ. ಯಂತ್ರ ಕೊಡಲು ಬಂದ ಕಮಿಟಿಯವರಿಗೆ ಅವರು ಹೇಳಿದ್ದಿಷ್ಟು: "ಭಾಯಿ, ಮಿಷಿನ್ ಬೇಡ. ನಾನು ಹನ್ನೆರಡನೆಯದು ಮುಗಿಸಿ ಡಿ.ಎಡ್. ಮಾಡಬೇಕು. ಫೀಸಿಗೆ ಒಂದಿಷ್ಟು ಸಹಾಯ ಮಾಡಿ. ನಾನು ಓದುವಷ್ಟು ಹೊತ್ತು ಮಕ್ಕಳನ್ನು ನೋಡಿಕೊಳ್ಳುವವರು ಸಿಕ್ಕರೆ ದುಆ ಮಾಡುತ್ತೇನೆ."

"ಈ ವಯಸ್ಸಿನಲ್ಲಿ ಓದಿ ಏನು ಮಾಡುತ್ತೀ ಬೇಟಿ? ಮಕ್ಕಳನ್ನು ಓದಿಸು, ಸಾಕು" ಎಂಬ ಉತ್ತರ ಬಂತು. ಅವರ ವಯಸ್ಸು ಇಪ್ಪತ್ತೇಳು! ಝಕಾತ್ ನಿಧಿಯ ಪಟ್ಟಿಯಲ್ಲಿ ಪಡಿತರ ಕಿಟ್ಟಿಗೆ, ಔಷಧಿಗೆ, ಹೊಲಿಗೆ ಯಂತ್ರಕ್ಕೆ, ಬಡ ಹೆಣ್ಣುಮಕ್ಕಳ ನಿಕಾಹ್‌ಗೆ ಕಲಮುಗಳಿದ್ದವಂತೆ. ಒಬ್ಬ ತಾಯಿಯ ಪರೀಕ್ಷಾ ಶುಲ್ಕಕ್ಕೆ ಕಲಮು ಇರಲಿಲ್ಲವಂತೆ.

ಈ ಪಟ್ಟಿಯನ್ನು ಬರೆದವರು ಯಾರು? ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳನ್ನು ಪವಿತ್ರ ಕುರ್‌ಆನ್ ಸೂರಃ ಅತ್ತೌಬಃದ 60ನೇ ವಚನದಲ್ಲಿ ಎಣಿಸಿ ಹೇಳಿದೆ. ಬಡವರು ಮತ್ತು ನಿರ್ಗತಿಕರು ಅಲ್ಲಿ ಮೊದಲು ಬರುತ್ತಾರೆ. ಬಡವಳ ಅಗತ್ಯವೇನೆಂದು ದಾನಿಯೇ ತೀರ್ಮಾನಿಸಬೇಕೆಂಬ ಷರತ್ತು ಅಲ್ಲಿಲ್ಲ. ನಮ್ಮಲ್ಲಿ ಬಹುಪಾಲು ಜನ ಅನುಸರಿಸುವ ಹನಫಿ ಫಿಕ್ಹ್‌ನಲ್ಲಂತೂ ಝಕಾತ್ ಪಡೆಯುವವರನ್ನು ಆ ಹಣದ ಒಡೆಯರನ್ನಾಗಿ ಮಾಡಬೇಕೆಂಬ 'ತಮ್ಲೀಕ್' ನಿಯಮವಿದೆ. ಶಾಲೆಯ ಶುಲ್ಕಕ್ಕೆ ಝಕಾತ್ ಸಲ್ಲುವುದೇ ಎಂದು ತಲೆ ಕೆಡಿಸಿಕೊಳ್ಳುವವರು ಹಣವನ್ನು ಆಕೆಯ ಕೈಗೇ ಒಪ್ಪಿಸಲಿ. ಒಡತಿಯಾದ ಮೇಲೆ ಆಕೆ ಅದರಿಂದ ಅಕ್ಕಿ ಕೊಳ್ಳಲಿ, ಪಠ್ಯಪುಸ್ತಕ ಕೊಳ್ಳಲಿ. ಕೇಳುವ ಹಕ್ಕು ನಮಗೆಲ್ಲಿದೆ?

ಹೊಲಿಗೆಯನ್ನು ನಾವು ಹೀನಾಯವಾಗಿ ಕಾಣುತ್ತಿಲ್ಲ. ಅದರಿಂದ ಮಕ್ಕಳನ್ನು ಸಾಕಿ ದಡ ಸೇರಿಸಿದ ತಾಯಂದಿರು ನಮ್ಮ ಮನೆಗಳಲ್ಲೇ ಇದ್ದಾರೆ. ಆದರೆ ಒಂದೇ ಗಲ್ಲಿಗೆ ವರ್ಷಕ್ಕೆ ನಾಲ್ಕರಂತೆ ಯಂತ್ರ ಹಂಚಿದರೆ ಹೊಲಿಸುವವರು ಎಲ್ಲಿಂದ ಬರಬೇಕು? ಚಿಕ್ಕಪೇಟೆಯಲ್ಲಿ ಸಿದ್ಧ ಉಡುಪು ಅಗ್ಗಕ್ಕೆ ಸಿಗುವಾಗ ಸೀರೆಗೆ ಫಾಲ್ಸ್ ಹಚ್ಚಿ, ರವಿಕೆಗೆ ಹುಕ್ಸ್ ಹಾಕಿ ಬೆಂಗಳೂರಿನ ಮನೆ ಬಾಡಿಗೆ ಕಟ್ಟಲು ಸಾಧ್ಯವೇ? ಎಷ್ಟೋ ಯಂತ್ರಗಳು ಆರು ತಿಂಗಳಲ್ಲಿ ಮಾರಾಟವಾಗುತ್ತವೆ. ಮಾರಿದವಳನ್ನು ನಾವು ಕೃತಘ್ನೆ ಎನ್ನುತ್ತೇವೆ.

ಇನ್ನು 'ಧರ್ಮ'ದ ಹೆಸರಿನಲ್ಲಿ ಬರುವ ಆಕ್ಷೇಪ. ತಲಾಕ್ ಆದವಳು ತರಗತಿ, ಪರೀಕ್ಷೆ ಎಂದು ಓಡಾಡುವುದು ಮರ್ಯಾದೆಯಲ್ಲವಂತೆ. ಸಹೀಹ್ ಮುಸ್ಲಿಮ್‌ನಲ್ಲಿ ಉಲ್ಲೇಖಿತವಾದ ಒಂದು ಪ್ರಸಂಗವನ್ನು ಇವರು ಓದಿಲ್ಲವೇ? ಜಾಬಿರ್(ರ) ಅವರ ಚಿಕ್ಕಮ್ಮ ತಲಾಕ್ ಆಗಿ ಇದ್ದತ್‌ನಲ್ಲಿದ್ದರು. ತಮ್ಮ ತೋಟದ ಖರ್ಜೂರ ಕೊಯ್ಯಲು ಹೊರಟಾಗ ಒಬ್ಬಾತ ಅವರನ್ನು ಗದರಿಸಿ ತಡೆದನು. ಅವರು ನೇರವಾಗಿ ಪ್ರವಾದಿ ಮುಹಮ್ಮದ್(ಸ) ಅವರ ಬಳಿಗೆ ಹೋದರು. ಹೋಗಿ ಫಸಲು ಕೊಯ್ದುಕೊಳ್ಳುವಂತೆ ಪ್ರವಾದಿ(ಸ) ಅನುಮತಿ ನೀಡಿದರು. ಅದರಿಂದ ಆಕೆ ದಾನಧರ್ಮ ಮಾಡಬಹುದೆಂಬ ನಿರೀಕ್ಷೆಯನ್ನೂ ವ್ಯಕ್ತಪಡಿಸಿದರು. ಅಂದರೆ ಇದ್ದತ್‌ನಲ್ಲಿರುವ ಒಂಟಿ ಹೆಣ್ಣನ್ನು ಅಲ್ಲಾಹನ ರಸೂಲರು ನಾಳೆಯ ದಾನಿಯಾಗಿ ಕಂಡರು. ಇದ್ದತ್ ಮುಗಿದು ಎರಡು ವರ್ಷವಾದವಳನ್ನೂ ನಾವು ಫಲಾನುಭವಿಯ ಸಾಲಿನಿಂದ ಕದಲಲು ಬಿಡುವುದಿಲ್ಲ. ಗದರಿಸಿದ ಆ ಮನುಷ್ಯನ ಸಂತತಿ ನಮ್ಮ ಕಮಿಟಿಗಳಲ್ಲಿ ಇನ್ನೂ ಮುಂದುವರಿದಿದೆಯೆಂದು ಹೇಳಿದರೆ ಯಾರೂ ಸಿಟ್ಟಾಗಬಾರದು.

ಇಮಾಮ್ ಶಾಫಿಯವರ ತಾಯಿಯ ಕಥೆ ನಮ್ಮ ಮಿಂಬರ್‌ಗಳಿಂದ ಪದೇಪದೇ ಕೇಳಿಬರುತ್ತದೆ. ಗಂಡನನ್ನು ಕಳೆದುಕೊಂಡು, ಎಳೆಯ ಮಗುವನ್ನು ಎತ್ತಿಕೊಂಡು ಗಾಝಾದಿಂದ ಮಕ್ಕಾಕ್ಕೆ ಬಂದು, ಬಡತನದಲ್ಲೇ ಮಗನನ್ನು ವಿದ್ವಾಂಸನನ್ನಾಗಿ ಮಾಡಿದವರು. ಈ ಕಥೆಯನ್ನು ನಾವು ಮಗನ ಕಡೆಯಿಂದಲೇ ಹೇಳುತ್ತೇವೆ. ತಾಯಿ ಹೊಟ್ಟೆ ಕಟ್ಟಬೇಕು, ಮಗ ಓದಬೇಕು! ನಾಲ್ಕು ಮಕ್ಕಳೊಂದಿಗೆ ವಿಧವೆಯಾದ ಉಮ್ಮು ಸಲಮಃ(ರ) ಮುಂದೆ ಉಮ್ಮತ್‌ನ ಹಿರಿಯ ವಿದುಷಿಯರಲ್ಲಿ ಒಬ್ಬರಾಗಿ ನೂರಾರು ಹದೀಸ್‌ಗಳನ್ನು ವರದಿ ಮಾಡಿದರೆಂಬುದು ಅದೇ ಮಿಂಬರ್‌ನಿಂದ ಎಷ್ಟು ಜುಮಾಗಳಲ್ಲಿ ಕೇಳಿಬಂದಿದೆ?

ಮಕ್ಕಳ ತಂದೆಯ ವಿಷಯಕ್ಕೆ ಬರೋಣ. ತಾಯಿ ಮತ್ತು ಮಗುವಿನ ಅನ್ನಬಟ್ಟೆಯ ಹೊಣೆ ತಂದೆಯದೆಂದು ಸೂರಃ ಅಲ್‌ಬಕರಃದ 233ನೇ ವಚನ ಹೇಳುತ್ತದೆ. ನಮ್ಮ ಪಂಚಾಯತಿಗಳಲ್ಲಿ ಮಹ್ರ್‌ನ ಮೊತ್ತ, ಒಡವೆ, ಪಾತ್ರೆಪಗಡಗಳ ಲೆಕ್ಕವಾಗುತ್ತದೆ. ಮಕ್ಕಳ ತಿಂಗಳ ಖರ್ಚಿನ ಮಾತು ಬಂದಾಗ ಎಲ್ಲರಿಗೂ ಅಸರ್ ನಮಾಝಿನ ಹೊತ್ತಾಗುತ್ತದೆ. ನಮ್ಮ ಬೆಂಗಳೂರಿನದೇ ಒಂದು ಪ್ರಕರಣ ಕರ್ನಾಟಕ ಹೈಕೋರ್ಟಿನ ದಾಖಲೆಯಲ್ಲಿದೆ. ಐದು ಸಾವಿರ ರೂಪಾಯಿ ಮಹ್ರ್‌ನ ವಿವಾಹ, 1991ರಲ್ಲಿ ತಲಾಕ್. ಆಕೆ 2002ರಲ್ಲಿ ಜೀವನಾಂಶಕ್ಕೆ ದಾವೆ ಹೂಡಿದರು. ತಿಂಗಳಿಗೆ ಮೂರು ಸಾವಿರ ರೂಪಾಯಿ ಕೊಡಬೇಕೆಂದು ಕೌಟುಂಬಿಕ ನ್ಯಾಯಾಲಯ 2011ರಲ್ಲಿ ಆದೇಶಿಸಿತು. ಅದನ್ನು ಪ್ರಶ್ನಿಸಿದ ಮಾಜಿ ಪತಿಯ ಅರ್ಜಿಯನ್ನು ಹೈಕೋರ್ಟು ದಂಡ ಸಹಿತ ವಜಾ ಮಾಡಿದ್ದು 2021ರ ಅಕ್ಟೋಬರಿನಲ್ಲಿ. ತಲಾಕ್‌ನಿಂದ ಆ ದಿನದವರೆಗೆ ಸುಮಾರು ಮೂವತ್ತು ವರ್ಷ! ಆ ಮೂವತ್ತು ವರ್ಷಗಳಲ್ಲಿ ಎರಡು ಪದವಿಗಳನ್ನು ಮುಗಿಸಿ, ನೌಕರಿ ಮಾಡಿ ನಿವೃತ್ತಿಯ ಸಮೀಪಕ್ಕೆ ಬರಬಹುದಿತ್ತು.

ಶಾಬಾನು ತೀರ್ಪು ಬಂದ 1985ರಲ್ಲಿ ನಾವು ಬೀದಿಗಿಳಿದೆವು. ನಮ್ಮ ವಿಚ್ಛೇದಿತೆಯರನ್ನು ಶರೀಅತ್‌ನಂತೆ ನಾವೇ ನೋಡಿಕೊಳ್ಳುತ್ತೇವೆ ಎಂದೆವು. 1986ರಲ್ಲಿ ಕಾನೂನು ಬಂತು. ಅದರ 4ನೇ ಕಲಮು ವಿಚ್ಛೇದಿತೆಯ ಪೋಷಣೆಯನ್ನು ಆಕೆಯ ವಾರಸುದಾರ ಬಂಧುಗಳ ಮೇಲೆ, ಅವರಿಂದಾಗದಿದ್ದರೆ ಕೊನೆಗೆ ರಾಜ್ಯ ವಕ್ಫ್ ಮಂಡಳಿಯ ಮೇಲೆ ಹೊರಿಸುತ್ತದೆ. ನಾವೇ ಕೇಳಿ ಪಡೆದ ಕಾನೂನಿನ ಈ ಕಲಮನ್ನು ನಮ್ಮ ಎಷ್ಟು ಜಮಾಅತ್‌ಗಳು ತಮ್ಮ ಸೋದರಿಯರಿಗೆ ಓದಿ ಹೇಳಿವೆ? ಇದ್ದತ್‌ನ ಅವಧಿಯೊಳಗೇ ಆಕೆಯ ಭವಿಷ್ಯಕ್ಕೂ ಸಾಲುವಷ್ಟು ನ್ಯಾಯಯುತ ಏರ್ಪಾಡು ಮಾಡಬೇಕೆಂದು 2001ರ ಡ್ಯಾನಿಯಲ್ ಲತೀಫಿ ತೀರ್ಪು ಹೇಳಿತು. ಅಪರಾಧ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಜೀವನಾಂಶ ಕೇಳುವ ಹಕ್ಕು ಮುಸ್ಲಿಮ್ ವಿಚ್ಛೇದಿತೆಗೂ ಇದೆಯೆಂದು ಸುಪ್ರೀಮ್ ಕೋರ್ಟು 2024ರ ಜುಲೈಯಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. ಪ್ರತಿ ಸಲವೂ ಕೋರ್ಟು ಮುಂದೆ ಹೋಗುತ್ತದೆ, ನಾವು ಹಿಂದಿನಿಂದ ಹೇಳಿಕೆ ಕೊಡುತ್ತೇವೆ.

ಸರಕಾರಗಳನ್ನು ಇಲ್ಲಿ ಬಿಟ್ಟುಬಿಡುತ್ತಿಲ್ಲ. ತ್ರಿವಳಿ ತಲಾಕ್ ಹೇಳಿದವನಿಗೆ ಮೂರು ವರ್ಷಗಳವರೆಗೆ ಜೈಲು ವಿಧಿಸುವ ಕಾನೂನನ್ನು 2019ರಲ್ಲಿ ತಂದು ಮುಸ್ಲಿಮ್ ಮಹಿಳೆಯ ಉದ್ಧಾರಕರೆನಿಸಿಕೊಂಡ ಅದೇ ಕೇಂದ್ರ ಸರಕಾರ, 2022ರಲ್ಲಿ ಅಲ್ಪಸಂಖ್ಯಾತ ಸಂಶೋಧಕರ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ನಿಲ್ಲಿಸಿತು. ರಾಜ್ಯದ 'ಮನಸ್ವಿನಿ' ಮಾಸಾಶನ ವಿಚ್ಛೇದಿತೆಗೆ ಸಿಗಬೇಕಾದರೆ ವಯಸ್ಸು ನಲವತ್ತಾಗಿರಬೇಕು. ಮಕ್ಕಳನ್ನು ನೋಡಿಕೊಳ್ಳುವ 'ಕೂಸಿನ ಮನೆ' ಗ್ರಾಮ ಪಂಚಾಯತಿಗಳಿಗೆ ಮಾತ್ರ. ಗಿರಿನಗರದ ಇಪ್ಪತ್ತೇಳರ ತಾಯಿ ಎರಡಕ್ಕೂ ಹೊರಗೆ. 2023ರ ಜೂನ್‌ನಿಂದ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲ ಎಂಬುದು ಮಾತ್ರ ದೊಡ್ಡ ಉಪಕಾರ. ಬನಶಂಕರಿಗೋ ಜಯನಗರಕ್ಕೋ ತರಗತಿಗೆ ಹೋಗುವ ದಾರಿಯ ಖರ್ಚು ಅಷ್ಟರಮಟ್ಟಿಗೆ ತೀರಿತು.

2022ರಲ್ಲಿ ಉಡುಪಿಯಿಂದ ಆರಂಭವಾದ ಹಿಜಾಬ್ ವಿವಾದದ ದಿನಗಳಲ್ಲಿ, ತಲೆವಸ್ತ್ರದ ನೆಪದಲ್ಲಿ ನಮ್ಮ ಹುಡುಗಿಯರ ಮುಖದ ಮೇಲೆಯೇ ಕಾಲೇಜಿನ ಗೇಟು ಮುಚ್ಚಿದಾಗ ನಾವು ನೊಂದೆವು, ಪ್ರತಿಭಟಿಸಿದೆವು, ಕೋರ್ಟಿಗೆ ಹೋದೆವು. ಅದು ಸರಿಯಾಗಿಯೇ ಇತ್ತು. ವಿದ್ಯೆ ನಮ್ಮ ಹೆಣ್ಣುಮಕ್ಕಳ ಹಕ್ಕೆಂದು ಅಂದು ಮೈಕಿನಲ್ಲಿ ಹೇಳಿದವರು, ಪಿಯುಸಿ ಬಿಡಿಸಿ ಮದುವೆ ಮಾಡಿದ ಗೇಟಿನ ಕೀಲಿ ಯಾರ ಕೈಯಲ್ಲಿತ್ತೆಂಬುದನ್ನು ಮನೆಯಲ್ಲಿ ಕೇಳಿಕೊಳ್ಳಲಿ.

ಮರಳಿ ಓದುವುದು ಅಸಾಧ್ಯವೇನೂ ಅಲ್ಲ. ಎನ್‌ಐಒಎಸ್ ಎಂದು ಕರೆಯಲಾಗುವ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹತ್ತು ಮತ್ತು ಹನ್ನೆರಡನೆಯ ತರಗತಿಗೆ ಗರಿಷ್ಠ ವಯೋಮಿತಿ ಇಲ್ಲ. ನೋಂದಣಿ ಐದು ವರ್ಷ ಊರ್ಜಿತದಲ್ಲಿರುತ್ತದೆ. ವರ್ಷಕ್ಕೆ ಎರಡು ಬಾರಿ ಪರೀಕ್ಷೆ. ಎಲ್ಲ ವಿಷಯಗಳನ್ನು ಒಮ್ಮೆಲೇ ಬರೆಯಬೇಕಾಗಿಲ್ಲ. ಪಾಸಾದ ವಿಷಯ ಪಾಸಾದಂತೆಯೇ ಉಳಿಯುತ್ತದೆ. ಮಗುವಿಗೆ ಜ್ವರ ಬಂದ ಸಲ ಒಂದು ಪೇಪರು ಬಿಟ್ಟುಹೋದರೆ ಇಡೀ ವರ್ಷ ಮುಳುಗದು. ಶುಲ್ಕವೆಲ್ಲ ಸೇರಿದರೂ ಒಂದು ಹೊಸ ಹೊಲಿಗೆ ಯಂತ್ರದ ಬೆಲೆಯಷ್ಟಾಗದು! ಪದವಿಗೆ ಇಗ್ನೋ ಇದೆ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ಎರಡನೆಯದರ ಯುಜಿಸಿ ಮಾನ್ಯತೆ 2015ರಲ್ಲಿ ಹೋಗಿ 2018ರಲ್ಲಿ ಮರಳಿದ್ದರಿಂದ, ಯಾವ ಕೋರ್ಸಿಗಾದರೂ ಹಣ ಕಟ್ಟುವ ಮುನ್ನ ಆ ವರ್ಷದ ಮಾನ್ಯತೆಯನ್ನು ನೋಡಿಕೊಳ್ಳುವುದು ಲೇಸು.

ಇಷ್ಟೆಲ್ಲ ಇದ್ದೂ ಆ ಸೋದರಿ ಸಿಕ್ಕಿಬಿದ್ದಿರುವುದು ಸಮಯದಲ್ಲಿ. ಬೆಳಿಗ್ಗೆ ಎರಡು ಮನೆಗಳಲ್ಲಿ ಅಡುಗೆ, ಸಂಜೆ ಮಕ್ಕಳ ಪಾಠ, ರಾತ್ರಿ ಮಕ್ಕಳು ಮಲಗಿದ ಮೇಲೆ ತನ್ನ ಪುಸ್ತಕ. ನಮ್ಮ ಮಸೀದಿಗಳ ಮಕ್ತಬ್ ಕೋಣೆಗಳು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ತೆರೆದಿರುತ್ತವೆ. ನಡುವೆ ಹತ್ತರಿಂದ ನಾಲ್ಕರವರೆಗೆ ಬೀಗ. ಫ್ಯಾನು ಇದೆ, ನೀರಿದೆ, ಚಾಪೆಯಿದೆ. ಮೊಹಲ್ಲಾದ ಇಬ್ಬರು ಹಿರಿಯ ತಾಯಂದಿರಿಗೆ ಗೌರವಧನ ಕೊಟ್ಟು ಕೂರಿಸಿದರೆ ಹತ್ತು ಮಕ್ಕಳನ್ನು ಅಲ್ಲಿಯೇ ನೋಡಿಕೊಳ್ಳಬಹುದು. ಮುತವಲ್ಲಿ ಸಾಹೇಬರಲ್ಲಿ ಈ ಮಾತೆತ್ತಿದರೆ ಮೊದಲು ಬರುವ ಪ್ರಶ್ನೆ ಕರೆಂಟ್ ಬಿಲ್ಲಿನದು. ಆ ಬಿಲ್ಲನ್ನು ತಾವು ಕಟ್ಟುತ್ತೇವೆಂದು ಹೇಳುವ ನಾಲ್ಕು ಮನೆಗಳು ಒಂದು ಜಮಾಅತ್‌ನಲ್ಲಿ ಸಿಗದಿರುವಷ್ಟು ಬಡವರಾಗಿಲ್ಲ ನಾವು.

ಅವರಿಗೆ ಮರುಮದುವೆಯ ಪ್ರಸ್ತಾಪಗಳೂ ಬಂದಿವೆ. ಮರುಮದುವೆ ಸುನ್ನತ್, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಬಂದ ಮೂರು ಪ್ರಸ್ತಾಪಗಳಲ್ಲಿಯೂ ಮಕ್ಕಳನ್ನು ತವರಿನಲ್ಲಿ ಬಿಟ್ಟು ಬರಬೇಕೆಂಬ ಷರತ್ತಿತ್ತು. ಅವರು ಒಪ್ಪಲಿಲ್ಲ. ಕೊನೆಗೆ ವಠಾರದ ನೆರೆಯ ಹಿಂದೂ ಶಿಕ್ಷಕಿಯೊಬ್ಬರು ಅರ್ಜಿ ತುಂಬಿಸಿಕೊಟ್ಟು, ಮೊದಲ ಕಂತಿನ ಶುಲ್ಕವನ್ನೂ ಕಟ್ಟಿದ್ದಾರೆ. ಇದನ್ನು ಬರೆಯುವಾಗ ನಮಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು.

ಮುಂದಿನ ಸರದಿಯಲ್ಲಿ ಅವರು ಎರಡು ಪೇಪರು ಬರೆಯಲಿದ್ದಾರೆ. ಆ ಎರಡು ದಿನ ಮಧ್ಯಾಹ್ನ ಶಾಲೆಯಿಂದ ಹಿರಿಯ ಮಗುವನ್ನು ಕರೆತಂದು, ಕಿರಿಯದನ್ನು ಸಂಜೆಯವರೆಗೆ ನೋಡಿಕೊಳ್ಳಲು ಯಾರೂ ಇನ್ನೂ ಗೊತ್ತಾಗಿಲ್ಲ.