ಅವರನ್ನೂ ಮಾತಿಗೆ ಕರೆಯಿರಿ

ನಮ್ಮ ಮದುವೆ ಮನೆಗಳಲ್ಲಿ ಉಗ್ರಾಣದ ಬಾಗಿಲ ಬಳಿ ಒಂದು ಕುರ್ಚಿ ಇರುತ್ತದೆ. ಗಂಡನನ್ನು ಕಳೆದುಕೊಂಡ ಅಜ್ಜಿಯೋ ಸೋದರತ್ತೆಯೋ ಅಲ್ಲಿ ಕೂತಿರುತ್ತಾರೆ. ಅರಿಶಿನ ಕುಂಕುಮದ ತಟ್ಟೆ ಸಾಲಾಗಿ ಬಂದು ಅವರೊಬ್ಬರನ್ನು ದಾಟಿ ಹೋಗುತ್ತದೆ. ಧಾರೆಯ ಹೊತ್ತಿಗೆ ಯಾರೋ, "ಅಜ್ಜಿ, ಅಲ್ಲಿ ನೂಕುನುಗ್ಗಲು, ನೀವು ಇಲ್ಲೇ ಇರಿ" ಅನ್ನುತ್ತಾರೆ. ಆ ಮಾತಿನ ಅರ್ಥ ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಮೊಮ್ಮಗಳಿಗೆ ಎಣ್ಣೆನೀರು ಹಾಕಿ ಬೆಳೆಸಿದ ಕೈ ಅವಳ ತಲೆಗೆ ಅಕ್ಷತೆ ಹಾಕಲು ಆಗಬಾರದೇ? ಇದು ಯಾವ ಧರ್ಮ?

ಈ ಪೆಟ್ಟು ಮನಸ್ಸಿಗಷ್ಟೇ ಅಲ್ಲ, ಮೆದುಳಿಗೂ ಬೀಳುತ್ತದೆ. ತಡೆಯಬಹುದಾದ ಹದಿನಾಲ್ಕು ಕಾರಣಗಳನ್ನು ನಿಭಾಯಿಸಿದರೆ ಜಗತ್ತಿನಲ್ಲಿ ಶೇ. 45ರಷ್ಟು ಮರೆವಿನ ಕಾಯಿಲೆಯನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂದು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ 2024ರಲ್ಲಿ ಹೇಳಿತು. ಬಿಪಿ, ಸಕ್ಕರೆ ಕಾಯಿಲೆಗಳ ಜೊತೆ ಆ ಪಟ್ಟಿಯಲ್ಲಿ ಜನಸಂಪರ್ಕವಿಲ್ಲದ ಬದುಕೂ ಇದೆ, ಕಿವಿ ಮಂದವಾಗುವುದೂ ಇದೆ, ಚಿಕ್ಕಂದಿನಲ್ಲಿ ಓದು ಸಿಗದಿರುವುದೂ ಇದೆ. ನಮ್ಮ ದೇಶದಲ್ಲಿ ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಹುಡುಗಿಯಾಗಿದ್ದಾಗ ಶಾಲೆ ತಪ್ಪಿಸಿದೆವು, ಗಂಡ ಸತ್ತಾಗ ಪಂಕ್ತಿ ತಪ್ಪಿಸಿದೆವು. ಈಗ ಮಾತನ್ನೂ ತಪ್ಪಿಸಿ, "ಅಜ್ಜಿಗೆ ಅರಳುಮರಳು" ಅಂತ ನಗುತ್ತೇವೆ.

ಮಾತಾಡುವುದೆಂದರೆ ಮೆದುಳಿಗೆ ದೊಡ್ಡ ಕೆಲಸ. ಎದುರಿನವರ ಮುಖ ಓದಬೇಕು, ಹಳೆಯದನ್ನು ನೆನಪಿಗೆ ತಂದುಕೊಳ್ಳಬೇಕು, ಪದ ಹುಡುಕಿ ಜೋಡಿಸಬೇಕು. ಎರಡು ಹೊತ್ತು ತಟ್ಟೆ ಮುಂದಿಟ್ಟು ಹೋಗುವ ಮನೆಯಲ್ಲಿ ಈ ಕೆಲಸ ಎಲ್ಲಿದೆ? ಊಟಕ್ಕೆ ಕಡಿಮೆ ಮಾಡಿಲ್ಲ ಅನ್ನುವ ಸಮಾಧಾನ ಸಾಲದು.

ಹಿರಿಯರು ಇದ್ದಕ್ಕಿದ್ದಂತೆ ಮಂಕಾಗಿ ಮೂಲೆ ಹಿಡಿದರೆ ಅದು ಕಾಯಿಲೆಯ ಮೊದಲ ಸುಳಿವೂ ಇರಬಹುದು. ವಯಸ್ಸಾಯಿತು ಅಂತ ಬಿಡಬೇಡಿ, ವೈದ್ಯರಿಗೆ ತೋರಿಸಿ. ಕಿವಿ ಕೇಳಿಸದವರಿಗೆ ಪರೀಕ್ಷೆ ಮಾಡಿಸಿ. ಜಿಲ್ಲಾಸ್ಪತ್ರೆ ಇದೆ, ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. ಪಕ್ಕದ ಮನೆಯಲ್ಲಿ ಹಿರಿಯರೊಬ್ಬರು ದಿಕ್ಕಿಲ್ಲದೆ ಇದ್ದರೆ 14567ಕ್ಕೆ ಕರೆ ಮಾಡಿ, ದುಡ್ಡು ಬೀಳುವುದಿಲ್ಲ. ಹಿರಿಯರಿಗಾಗಿಯೇ ಇರುವ ಸಹಾಯವಾಣಿ ಅದು.

ಮನೆಯಲ್ಲಿ ಸೈಟು ಮಾರುವ, ಹೆಣ್ಣು ನೋಡುವ, ಮಗುವಿಗೆ ಹೆಸರಿಡುವ ಮಾತು ಬಂದಾಗ ಹಿರಿಯರನ್ನು ನಡುವೆ ಕೂರಿಸಿಕೊಂಡು ಕೇಳಿ: "ನೀನೇನಂತೀಯಮ್ಮಾ?" ಉತ್ತರ ತಡವಾಗಿ ಬರಬಹುದು. ಕಾಯಿರಿ.