ಕುಳಿತು ಉಣ್ಣುವ ಹಣವಲ್ಲ, ನೆಟ್ಟು ಕಾಯುವ ಹಣ

ನಮ್ಮ ಸಂಘದ ಸ್ಮರಣ ಸಂಚಿಕೆಯಲ್ಲಿ ವೈದ್ಯಬಂಧುಗಳು ರಕ್ತದೊತ್ತಡ, ಮಧುಮೇಹ, ಹೃದಯವ್ಯಾಧಿಗಳ ಕುರಿತು ವರ್ಷವರ್ಷವೂ ಹಿತವಚನಗಳನ್ನು ಬರೆಯುತ್ತ ಬಂದಿದ್ದಾರೆ. ಅವರ ಸಾಲಿನಲ್ಲಿ ಬ್ಯಾಂಕಿನ ಅಧಿಕಾರಿಯೊಬ್ಬನಿಗೆ ಏನು ಕೆಲಸವೆಂದು ವಾಚಕರು ಕೇಳಬಹುದು. ಮುಪ್ಪಿನಲ್ಲಿ ದೇಹದ ಸ್ವಾಸ್ಥ್ಯಕ್ಕೂ ಕೈಯಲ್ಲಿರುವ ಹಣಕ್ಕೂ ಇರುವ ನಂಟನ್ನು ಬ್ಯಾಂಕಿನ ಕೌಂಟರಿನ ಒಳಬದಿಯಲ್ಲಿ ಕುಳಿತವರು ದಿನನಿತ್ಯ ಕಾಣುತ್ತಾರೆ. ಸಂಬಳವು ಅರವತ್ತಕ್ಕೆ ನಿಲ್ಲುತ್ತದೆ. ಔಷಧದ ಚೀಟಿಯು ಅಲ್ಲಿಂದ ಮುಂದೆಯೇ ಉದ್ದವಾಗುತ್ತದೆ. ಈ ಎರಡರ ನಡುವಿನ ಅಂತರವನ್ನು ತುಂಬುವ ಬಗೆ ಯಾವುದೆಂಬುದೇ ಈ ಲೇಖನದ ವಿಷಯ.

ಈಚಿನ ವರ್ಷಗಳಲ್ಲಿ 'ದುಡಿಯದೆ ಬರುವ ಆದಾಯ' ಎಂಬ ಮಾತು ಎಲ್ಲೆಲ್ಲಿಯೂ ಕೇಳಿಬರುತ್ತಿದೆ. ಲಾಭಾಂಶ ಕೊಡುವ ಕಂಪನಿಗಳ ಶೇರುಗಳನ್ನು ಕೊಂಡಿಟ್ಟರೆ ಸಾಕು, ಕುಳಿತಲ್ಲಿಗೆ ಹಣ ಬರುತ್ತದೆ ಎಂಬುದು ಅದರ ಸಾರಾಂಶ. ಪುಣೆಯ ಕಾರ್ಖಾನೆ, ಕಚೇರಿಗಳಲ್ಲಿ ದುಡಿದು ನಿವೃತ್ತರಾದವರು, ಹೋಟೆಲ್ ಉದ್ಯಮವನ್ನು ಮಕ್ಕಳಿಗೆ ಒಪ್ಪಿಸಿದವರು, "ಮುದ್ದತು ಠೇವಣಿಯನ್ನು ಮುರಿದು ಇಂಥ ಶೇರು ಕೊಳ್ಳೋಣವೇ?" ಎಂದು ವಿಚಾರಿಸುತ್ತಾರೆ. ಪುರಂದರ ವಿಮಾನ ನಿಲ್ದಾಣದ ಪ್ರಸ್ತಾಪವು 2016ರಲ್ಲಿ ಬಂದಂದಿನಿಂದ ಸಾಸವಡದ ಸುತ್ತಮುತ್ತ ಭೂಮಿಯ ಬೆಲೆಯದೇ ಮಾತು. ಆದುದರಿಂದ ಇಲ್ಲಿ ಈ ಪ್ರಶ್ನೆಯು ದೊಡ್ಡ ಮೊತ್ತಗಳೊಂದಿಗೆ ಬರುತ್ತದೆ. ಜೀವಮಾನದ ಗಳಿಕೆಯೋ ಹಿರಿಯರ ಹೊಲವೋ ಹಣವಾಗಿ ಕೈಗೆ ಬಂದ ಮನೆಗೆ ಇದರ ಉತ್ತರವು ಬದುಕಿನ ಪ್ರಶ್ನೆಯೇ ಆಗಿದೆ.

'ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು' ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಲಾಭಾಂಶದ ಆದಾಯವು ಉತ್ತಮವಾದುದೇ. ಆದರೆ ಅದು ಅರವತ್ತರಲ್ಲಿ ಕೊಳ್ಳುವ ವಸ್ತುವಲ್ಲ, ನಲವತ್ತೈದರೊಳಗೆ ನೆಡಬೇಕಾದ ಗಿಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಲಾಭಾಂಶವೆಂದರೇನೆಂಬುದನ್ನು ತಿಳಿಯೋಣ. ಠೇವಣಿದಾರನು ಬ್ಯಾಂಕಿಗೆ ಸಾಲ ಕೊಟ್ಟವನು. ಬಡ್ಡಿಯು ಅವನಿಗೆ ಕೊಟ್ಟ ಮಾತು. ಶೇರುದಾರನಾದರೋ ಉದ್ಯಮದ ಪಾಲುಗಾರ. ಲಾಭಾಂಶವು ಅವನ ಪಾಲಿಗೆ ಬಂದ ಫಸಲು. ಮಳೆ ಬಾರದ ವರ್ಷ ಫಸಲು ಕೊಡೆಂದು ಹೊಲವನ್ನು ಕೇಳಲು ಬಾರದು. 2013ರ ಕಂಪನಿ ಕಾಯಿದೆಯಂತೆ ಲಾಭಾಂಶವನ್ನು ಮುಖ್ಯವಾಗಿ ಆ ವರ್ಷದ ಲಾಭದಿಂದ ಇಲ್ಲವೆ ಹಿಂದಿನ ವರ್ಷಗಳ ಉಳಿದ ಲಾಭದಿಂದ ಕೊಡಬೇಕು. ಲಾಭಾಂಶದ ಹಕ್ಕು ಶೇರಿನಿಂದ ಬೇರ್ಪಡುವ ದಿನ ಬಂದಾಗ ಶೇರಿನ ಬೆಲೆಯು ಸಾಮಾನ್ಯವಾಗಿ ಸುಮಾರು ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಕಂಪನಿಯ ಪೆಟ್ಟಿಗೆಯಿಂದ ಹೊರಬಂದ ಹಣ ಪೆಟ್ಟಿಗೆಯಲ್ಲಿಯೂ ಉಳಿಯಲು ಸಾಧ್ಯವಿಲ್ಲವಷ್ಟೆ! ಹಿಂದಿನ ದಿನ ಕೊಂಡು ಲಾಭಾಂಶ ಪಡೆದು ಮರುದಿನ ಮಾರಿದರೆ ಲಾಭವೆಂದು ಭಾವಿಸುವವರು ಈ ಸಂಗತಿಯನ್ನು ಮರೆಯುತ್ತಾರೆ.

ಇನ್ನು ಲೆಕ್ಕಕ್ಕೆ ಬರೋಣ. ತಿಂಗಳಿಗೆ 10,000 ರೂಪಾಯಿ, ಅಂದರೆ ವರ್ಷಕ್ಕೆ 1,20,000 ರೂಪಾಯಿ ಬರಬೇಕೆಂದಿಟ್ಟುಕೊಳ್ಳಿ. ಶೇಕಡಾ 6.5ರ ಬಡ್ಡಿಯ ಠೇವಣಿಯಿಂದ ಇದನ್ನು ಪಡೆಯಲು ಸುಮಾರು ಹದಿನೆಂಟೂವರೆ ಲಕ್ಷ ರೂಪಾಯಿ ಸಾಕು. ದೇಶದ 50 ದೊಡ್ಡ ಕಂಪನಿಗಳನ್ನೊಳಗೊಂಡ ನಿಫ್ಟಿ ಸೂಚ್ಯಂಕದ ಲಾಭಾಂಶವು ಅನೇಕ ವರ್ಷಗಳಿಂದ ಮಾರುಕಟ್ಟೆ ಬೆಲೆಯ ಶೇಕಡಾ ಒಂದರಿಂದ ಒಂದೂವರೆಯ ಆಸುಪಾಸಿನಲ್ಲಿದೆ. ಶೇಕಡಾ ಒಂದೂವರೆಯೆಂದೇ ಹಿಡಿದರೂ 80 ಲಕ್ಷ ರೂಪಾಯಿ ಬೇಕು. ಆರಿಸಿ ಆರಿಸಿ ಶೇಕಡಾ 3 ಕೊಡುವ ಶೇರುಗಳನ್ನೇ ಕೊಂಡರೂ 40 ಲಕ್ಷ ಬೇಕು. ಠೇವಣಿ ಮುರಿದು ಶೇರು ಕೊಂಡ ವೃದ್ಧನ ತಿಂಗಳ ಆದಾಯವು ಮೊದಲ ದಿನದಿಂದಲೇ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಈ ಸರಳ ಲೆಕ್ಕವನ್ನು ಪ್ರಚಾರಕರು ಹೇಳುವುದಿಲ್ಲ.

ಹಾಗಾದರೆ ಲಾಭಾಂಶದ ಹಿರಿಮೆಯೆಲ್ಲಿದೆ? ಅದು ಬೆಳೆಯಬಲ್ಲದೆಂಬುದರಲ್ಲಿದೆ. ಒಂದು ಲಕ್ಷ ರೂಪಾಯಿಯ ಶೇರುಗಳು ಮೊದಲ ವರ್ಷ 2,000 ರೂಪಾಯಿ ಲಾಭಾಂಶ ಕೊಟ್ಟು, ಅದು ವರ್ಷಕ್ಕೆ ಶೇಕಡಾ 10ರಂತೆ ಬೆಳೆಯಿತೆಂದು ಕಲ್ಪಿಸಿರಿ. ಏಳು ವರ್ಷಗಳ ಮೇಲೆ ಅದು ಸುಮಾರು 3,900, ಹದಿನಾಲ್ಕು ವರ್ಷಗಳ ಮೇಲೆ 7,600, ಇಪ್ಪತ್ತೊಂದು ವರ್ಷಗಳ ಮೇಲೆ 14,800 ರೂಪಾಯಿ ಆಗುತ್ತದೆ. ಅದೇ ಲಕ್ಷದ ಠೇವಣಿಯ ಬಡ್ಡಿಯು ದರ ಬದಲಾಗದಿದ್ದರೆ 6,500 ರೂಪಾಯಿಯಲ್ಲಿಯೇ ನಿಂತಿರುತ್ತದೆ. ಬೆಲೆಗಳು ವರ್ಷಕ್ಕೆ ಶೇಕಡಾ 5ರಂತೆ ಏರಿದರೂ ಇಪ್ಪತ್ತೊಂದು ವರ್ಷಗಳ ನಂತರ ಆ ಹಣಕ್ಕೆ ಇಂದಿನ 2,300 ರೂಪಾಯಿಯ ಸಾಮಾನು ಮಾತ್ರ ಬರುತ್ತದೆ. ಆದರೆ ಮೊದಲ ಹದಿಮೂರು ವರ್ಷ ಬಡ್ಡಿಯೇ ಮುಂದಿರುತ್ತದೆ, ಹದಿನಾಲ್ಕನೆಯ ವರ್ಷ ಲಾಭಾಂಶವು ಅದನ್ನು ದಾಟುತ್ತದೆ ಎಂಬುದನ್ನು ಗಮನಿಸಬೇಕು. ನಲವತ್ತೈದರಲ್ಲಿ ಆರಂಭಿಸಿದವನಿಗೆ ಈ ದಾಟುವ ಕಾಲವು ನಿವೃತ್ತಿಯ ಹೊಸ್ತಿಲಲ್ಲಿ ಒದಗುತ್ತದೆ. ಅರವತ್ತರಲ್ಲಿ ಆರಂಭಿಸಿದವನಿಗೆ ಎಪ್ಪತ್ತಮೂರು ತುಂಬಿದ ಮೇಲೆ. ಶೇಕಡಾ 10ರ ಬೆಳವಣಿಗೆಗೆ ಯಾರೂ ಹೊಣೆ ಹೊರುವುದಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ನಮ್ಮ ಪುರಂದರ ತಾಲೂಕಿನ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಆ ತೋಟಗಾರರನ್ನು ಕೇಳಿ ನೋಡಿ. ನೆಟ್ಟ ವರ್ಷವೇ ಬುಟ್ಟಿ ಹಿಡಿದು ನಿಂತವನಿಗೆ ಹಣ್ಣು ಸಿಕ್ಕುವುದಿಲ್ಲ.

ಈ ಬೆಳವಣಿಗೆಗೆ ಪುಣೆಯ ಕನ್ನಡಿಗರೆಲ್ಲ ಅಭಿಮಾನದಿಂದ ನೆನೆಯುವ ಉದಾಹರಣೆಯೊಂದುಂಟು. 1981ರ ಜುಲೈಯಲ್ಲಿ ಇನ್ಫೋಸಿಸ್ ಸಂಸ್ಥೆಯು ಹುಟ್ಟಿದ್ದು ಇದೇ ಪುಣೆಯಲ್ಲಿ. ಶಿಗ್ಗಾವಿಯಲ್ಲಿ ಜನಿಸಿದ ಸುಧಾ ಮೂರ್ತಿಯವರು ತಮ್ಮ ಉಳಿತಾಯದ 10,000 ರೂಪಾಯಿಯನ್ನು ಅದಕ್ಕೆ ಮೂಲಧನವಾಗಿ ಕೊಟ್ಟರು. 1993ರಲ್ಲಿ ಅದರ ಶೇರುಗಳನ್ನು 95 ರೂಪಾಯಿಯಂತೆ ಸಾರ್ವಜನಿಕರಿಗೆ ನೀಡಿದಾಗ ಸಾಕಷ್ಟು ಬೇಡಿಕೆಯೇ ಬರಲಿಲ್ಲ. ಅಂದು 9,500 ರೂಪಾಯಿ ಕೊಟ್ಟು 100 ಶೇರು ಕೊಂಡು, ಒಂದನ್ನೂ ಮಾರದೆ ಉಳಿಸಿದವರ ಬಳಿ ಬೋನಸ್ ಶೇರುಗಳೂ ಶೇರು ವಿಭಜನೆಯೂ ಸೇರಿ 2018ರ ಹೊತ್ತಿಗೆ 1,02,400 ಶೇರುಗಳಾದವು. 2024-25ರ ವರ್ಷಕ್ಕೆ ಸಂಸ್ಥೆಯು ಶೇರೊಂದಕ್ಕೆ 43 ರೂಪಾಯಿ ಲಾಭಾಂಶ ಕೊಟ್ಟಿತು. ಅಂದರೆ ಆ ಒಂದೇ ವರ್ಷದ ಲಾಭಾಂಶ 44 ಲಕ್ಷ ರೂಪಾಯಿಗೂ ಮಿಗಿಲು. ಆದರೆ ಇದನ್ನು ನಿಯಮವೆಂದು ತಿಳಿಯಬಾರದು. ಲಾಟರಿ ಗೆದ್ದವನ ಭಾವಚಿತ್ರ ಪತ್ರಿಕೆಯಲ್ಲಿ ಬರುತ್ತದೆ, ಸೋತವರದು ಬರುವುದಿಲ್ಲ. ಅದೇ ಕಾಲದಲ್ಲಿ ಶೇರು ಮಾರಿದ ಎಷ್ಟೋ ಕಂಪನಿಗಳ ಹೆಸರೂ ಇಂದು ಯಾರಿಗೂ ನೆನಪಿಲ್ಲ. ಇಲ್ಲಿಂದ ಕಲಿಯಬೇಕಾದುದು ಕಾಯುವ ಗುಣವನ್ನು ಮಾತ್ರ.

ಕಾಯುವುದೆಂದರೆ ಕಣ್ಣು ಮುಚ್ಚಿ ಕುಳಿತುಕೊಳ್ಳುವುದೂ ಅಲ್ಲ. ಇಲ್ಲಿ ಮೂರು ಅಪಾಯಗಳುಂಟು. ಮೊದಲನೆಯದು, ಅತಿಯಾದ ಲಾಭಾಂಶದ ಆಕರ್ಷಣೆ. 2022-23ರಲ್ಲಿ ವೇದಾಂತ ಕಂಪನಿಯು ಶೇರೊಂದಕ್ಕೆ ಒಟ್ಟು 101 ರೂಪಾಯಿ 50 ಪೈಸೆ ಕೊಟ್ಟಿತು. ಮರುವರ್ಷ ಕೊಟ್ಟದ್ದು 29 ರೂಪಾಯಿ 50 ಪೈಸೆ. ಮೊದಲ ವರ್ಷದ ಅಂಕಿಯನ್ನು ನಂಬಿ ಮನೆಯ ಖರ್ಚನ್ನು ಹೊಂದಿಸಿಕೊಂಡವನ ಗತಿಯೇನು? ದೇಹದ ಉಷ್ಣ ಏರಿದರೆ ಅದನ್ನು ಪುಷ್ಟಿಯೆಂದು ವೈದ್ಯರು ಹೇಳುವುದಿಲ್ಲ. ಎರಡನೆಯದು, ಒಂದೇ ಬಗೆಯ ಉದ್ಯಮದಲ್ಲಿ ಎಲ್ಲವನ್ನೂ ತೊಡಗಿಸುವುದು. ಕೋವಿಡ್ ಪಿಡುಗಿನ ಕಾಲದಲ್ಲಿ, 2020ರ ಏಪ್ರಿಲ್ 17ರಂದು, 2019-20ರ ಲಾಭದಿಂದ ಲಾಭಾಂಶ ಕೊಡಕೂಡದೆಂದು ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳಿಗೆ ಸೂಚಿಸಿತು. ಬ್ಯಾಂಕ್ ಶೇರುಗಳನ್ನೇ ನೆಚ್ಚಿದ್ದವರಿಗೆ ಒಂದೇ ಸುತ್ತೋಲೆಯಿಂದ ಆ ಬಾಗಿಲು ಮುಚ್ಚಿತು. ಮೂರನೆಯದು, ಸುಳ್ಳು ಲೆಕ್ಕ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಲಾಭಾಂಶ ಕೊಡುತ್ತಲೇ ಇತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷರೇ ಲೆಕ್ಕಪತ್ರಗಳು ಸುಳ್ಳೆಂದು ಪತ್ರ ಬರೆದು ಒಪ್ಪಿಕೊಂಡರು. ಆದುದರಿಂದ ಬೇರೆ ಬೇರೆ ಉದ್ಯಮಗಳ ಹತ್ತು ಹನ್ನೆರಡು ಕಂಪನಿಗಳಲ್ಲಿ ಹಣವನ್ನು ಹಂಚಬೇಕು. ಲಾಭಾಂಶವು ಸಾಲದಿಂದಲ್ಲದೆ ಗಳಿಕೆಯಿಂದ ಬಂದಿದೆಯೇ, ಹತ್ತು ವರ್ಷ ತಪ್ಪದೆ ಬಂದಿದೆಯೇ ಎಂದು ವಾರ್ಷಿಕ ವರದಿಯಲ್ಲಿ ನೋಡಬೇಕು.

ವರದಿ ಓದಲು ವ್ಯವಧಾನವಿಲ್ಲದವರು ಸೂಚ್ಯಂಕವನ್ನು ಅನುಸರಿಸುವ ಮ್ಯೂಚುವಲ್ ಫಂಡುಗಳನ್ನು ಆಶ್ರಯಿಸಬಹುದು. ಆದರೆ ಫಂಡುಗಳು ಹಂಚುವ ಹಣದಲ್ಲಿ ನಮ್ಮದೇ ಬಂಡವಾಳದ ಭಾಗವೂ ಸೇರಿರಬಹುದು. ಈ ಕಾರಣದಿಂದಲೇ ಸೆಬಿ ಸಂಸ್ಥೆಯು 2021ರ ಏಪ್ರಿಲ್‌ನಿಂದ ಫಂಡುಗಳ 'ಲಾಭಾಂಶ' ಎಂಬ ಹೆಸರನ್ನು ತೆಗೆಸಿ, ಆದಾಯ ವಿತರಣೆ ಹಾಗೂ ಬಂಡವಾಳ ಹಿಂತೆಗೆತವೆಂಬ ಅರ್ಥದ ಹೆಸರನ್ನು ಇಡಿಸಿತು.

ಶೇರು ಬೇಡವೇ ಬೇಡ, ಠೇವಣಿಯೇ ಸುಭದ್ರ ಎನ್ನುವವರೂ ಇದ್ದಾರೆ. ಪುಣೆಯ ರೂಪೀ ಸಹಕಾರಿ ಬ್ಯಾಂಕಿನ ಮೇಲೆ 2013ರಲ್ಲಿ ನಿರ್ಬಂಧಗಳು ಬಂದು, 2022ರಲ್ಲಿ ಅದರ ಪರವಾನಗಿಯೇ ರದ್ದಾದುದನ್ನು ಪುಣೆಯವರು ಮರೆತಿಲ್ಲ. 2020ರ ಫೆಬ್ರವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆಯಿದೆ. ಅದರ ಮೇಲಿನದಕ್ಕೆ ವಿವೇಕವೇ ರಕ್ಷಣೆ. ಅಪಾಯವಿಲ್ಲದ ಹಣವೆಂಬುದಿಲ್ಲ, ಯಾವ ವಯಸ್ಸಿಗೆ ಯಾವ ಅಪಾಯ ಸಹ್ಯವೆಂಬುದೇ ವಿಚಾರ.

ನನ್ನ ಮತದಲ್ಲಿ ಗೃಹಸ್ಥನು ಅನುಸರಿಸಬೇಕಾದ ಕ್ರಮ ಹೀಗಿದೆ. ಮೊದಲು ಆರು ತಿಂಗಳ ಮನೆಖರ್ಚು ಉಳಿತಾಯ ಖಾತೆಯಲ್ಲಿರಲಿ. ಬಳಿಕ ಕುಟುಂಬದ ಆರೋಗ್ಯ ವಿಮೆ; 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿನ ಜಿ.ಎಸ್.ಟಿ. ತೆರಿಗೆಯನ್ನು ತೆಗೆದುಹಾಕಲಾಯಿತು. ಆಸ್ಪತ್ರೆಯ ವೆಚ್ಚಕ್ಕಾಗಿ ಮಾರುಕಟ್ಟೆ ಕುಸಿದ ದಿನ ಶೇರು ಮಾರಬೇಕಾಗಿ ಬಂದರೆ ಹತ್ತು ವರ್ಷಗಳ ತಾಳ್ಮೆಯೂ ವ್ಯರ್ಥ. ಆಮೇಲೆ ಹೆಚ್ಚು ಬಡ್ಡಿಯ ಸಾಲಗಳ ತೀರುವಳಿ. ಇಷ್ಟಾದ ಮೇಲೆ ಉಳಿದುದರಲ್ಲಿ ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪವಾಗಿ ಶೇರುಗಳನ್ನು ಕೂಡಿಸಬೇಕು. ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿದ ಉಡುಪಿಯ ಸಂಸ್ಥೆಯು 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ ನಮ್ಮವರು ಕಲಿತ ಅಭ್ಯಾಸವೇ ಇದು. ಹನಿಗೂಡಿದರೆ ಹಳ್ಳ. ಸಂಬಳ ಬರುವಷ್ಟು ಕಾಲ ಲಾಭಾಂಶವನ್ನು ಖರ್ಚು ಮಾಡದೆ ಅದರಿಂದಲೇ ಇನ್ನಷ್ಟು ಶೇರು ಕೊಂಡರೆ ಮೇಲೆ ಹೇಳಿದ ಹದಿನಾಲ್ಕು ವರ್ಷಗಳ ಅವಧಿಯು ಕಿರಿದಾಗುತ್ತದೆ.

ಈಗಾಗಲೇ ಅರವತ್ತು ದಾಟಿದವರು ಜೀವನೋಪಾಯದ ಹಣವನ್ನು ಮೊದಲು ಸರಕಾರದ ಹಿರಿಯ ನಾಗರಿಕರ ಉಳಿತಾಯ ಯೋಜನೆಯಂಥವುಗಳಲ್ಲಿಡುವುದು ಲೇಸು. 2023ರ ಏಪ್ರಿಲ್‌ನಲ್ಲಿ ಅದರ ಮಿತಿಯನ್ನು 30 ಲಕ್ಷ ರೂಪಾಯಿಗೆ ಏರಿಸಲಾಯಿತು. ಹತ್ತು ವರ್ಷ ಬೇಕಾಗದ ಹಣವಿದ್ದರೆ ಮಾತ್ರ ಅದರಲ್ಲೊಂದು ಭಾಗ ಶೇರಿಗೆ ಹೋಗಲಿ.

ಆರೋಗ್ಯದ ಲೇಖನಗಳ ನಡುವೆ ಇನ್ನೊಂದು ಮಾತನ್ನು ಹೇಳದಿರಲಾರೆ. ಸಿಗರೇಟು ವ್ಯಾಪಾರವೇ ಲಾಭದ ದೊಡ್ಡ ಮೂಲವಾಗಿರುವ ಐ.ಟಿ.ಸಿ. ಕಂಪನಿಯ ಲಾಭಾಂಶವು 2019-20ರಲ್ಲಿ 10 ರೂಪಾಯಿ 15 ಪೈಸೆ ಇದ್ದುದು 2024-25ರಲ್ಲಿ 14 ರೂಪಾಯಿ 35 ಪೈಸೆಗೆ ಏರಿತು. ಲೆಕ್ಕದ ದೃಷ್ಟಿಯಿಂದ ಇದು ಒಳ್ಳೆಯ ಗಿಡವೇ. ಆದರೆ ಮಗನಿಗೆ ಧೂಮಪಾನ ಬಿಡೆಂದು ಬುದ್ಧಿ ಹೇಳಿ, ಅದರ ಲಾಭದಲ್ಲಿ ಪಾಲು ಪಡೆಯುವುದು ನನಗೆ ಒಪ್ಪುವುದಿಲ್ಲ. ಒಪ್ಪುವವರನ್ನು ನಾನು ದೂಷಿಸುವುದೂ ಇಲ್ಲ. ಪಾಲುಗಾರನಾದವನು ತನ್ನ ಪಾಲು ಯಾವ ಹೊಲದ್ದೆಂದು ಒಮ್ಮೆ ಕೇಳಿಕೊಳ್ಳಲಿ ಎಂಬುದಷ್ಟೇ ನನ್ನ ಬಿನ್ನಹ.

ಕೊನೆಯದಾಗಿ ಕಾಗದಪತ್ರಗಳ ವಿಷಯ. 2020ರ ಏಪ್ರಿಲ್‌ನಿಂದ ಲಾಭಾಂಶಕ್ಕೆ ಶೇರುದಾರನೇ ತನ್ನ ಆದಾಯದ ದರದಂತೆ ತೆರಿಗೆ ಕೊಡಬೇಕಾಗಿದೆ. ಅದಕ್ಕಿಂತ ಮುಖ್ಯವಾದುದು, ಏಳು ವರ್ಷ ಯಾರೂ ಪಡೆಯದೆ ಉಳಿದ ಲಾಭಾಂಶವು ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಹೋಗುತ್ತದೆ. ಏಳು ವರ್ಷವೂ ಎಡೆಬಿಡದೆ ಹೀಗಾದರೆ ಶೇರುಗಳೂ ಅದನ್ನೇ ಸೇರುತ್ತವೆ. ಅರ್ಜಿ ಸಲ್ಲಿಸಿ ಮರಳಿ ಪಡೆಯಬಹುದಾದರೂ ಶ್ರಮ ಬಹಳ. ಹುಬ್ಬಳ್ಳಿಯಲ್ಲೋ ಉಡುಪಿಯಲ್ಲೋ ಶೇರು ಕೊಂಡು, ವರ್ಗವಾಗಿ ಊರೂರು ತಿರುಗಿ ಪುಣೆಗೆ ಬಂದು ನೆಲೆಸಿದ ನಮ್ಮಂಥವರ ಹಳೆಯ ಟ್ರಂಕುಗಳಲ್ಲಿ ಇಂಥ ಪತ್ರಗಳು ಇನ್ನೂ ಇರಬಹುದು. ಅವನ್ನು ಹುಡುಕಿ ಡಿಮ್ಯಾಟ್ ಖಾತೆಗೆ ಸೇರಿಸಿರಿ. ವಿಳಾಸ, ಬ್ಯಾಂಕು ಖಾತೆ ಮತ್ತು ನಾಮಿನಿಯ ಹೆಸರನ್ನು ಸರಿಪಡಿಸಿರಿ. ಎಲ್ಲಕ್ಕಿಂತ ಮಿಗಿಲಾಗಿ, ಮನೆಯ ಯಜಮಾನನಿಗೆ ಗೊತ್ತಿರುವುದೆಲ್ಲವೂ ಯಜಮಾನಿಗೂ ಗೊತ್ತಿರಲಿ. ಎಲ್ಲಿದೆಯೆಂದು ಹೆಂಡತಿಗೆ ತಿಳಿಯದ ಸಂಪತ್ತು ಅವಳ ಕಷ್ಟಕಾಲಕ್ಕೆ ಒದಗುವುದಿಲ್ಲ.

ನಲವತ್ತರ ಆಸುಪಾಸಿನ ಬಂಧುಗಳು ಈ ವರ್ಷವೇ, ಎಷ್ಟೇ ಸಣ್ಣ ಮೊತ್ತದಿಂದಾದರೂ ಸರಿ, ಆರಂಭಿಸಲಿ. ಹಿರಿಯರು ಅವಸರದಿಂದ ಠೇವಣಿ ಮುರಿಯದಿರಲಿ. ಎಲ್ಲರಿಗೂ ಆಯುರಾರೋಗ್ಯವೂ, ಔಷಧದ ಚೀಟಿಯನ್ನು ಕಂಡು ಅಂಜದಷ್ಟು ಐಶ್ವರ್ಯವೂ ಲಭಿಸಲೆಂದು ಹಾರೈಸುತ್ತೇನೆ.